ಮಾರಬೇಕೋ ಬೇಡವೋ

ಷೇರು ಎಂಬ ಮಾತು ಕಿವಿಗೆ ಬಿದ್ದರೆ ಬಹಳ ಕಾಲ ನನಗೆ ನೆನಪಾಗುತ್ತಿದ್ದುದು ಆಟೋ ಮಾತ್ರ. ದಾವಣಗೆರೆಯಿಂದ ಬಂದು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ದಿನವೂ ಷೇರ್ ಆಟೋದಲ್ಲಿ ಅಪರಿಚಿತರ ಮೊಣಕೈಯಿಂದ ತಿವಿಸಿಕೊಳ್ಳುತ್ತ ಹೋಗುವವನು. ಇನ್ನೊಂದು ಬಗೆಯ ಷೇರಿನ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ: ಅದು ಜೂಜು, ಮಾನವಂತರಿಗೆ ತಕ್ಕುದಲ್ಲ.

ನಮ್ಮ ಗಾದೆಗಳನ್ನೇ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತವೆ. ಹಾಸಿಗೆಯನ್ನು ಉದ್ದ ಮಾಡುವುದು ಹೇಗೆಂದು ಹೇಳುವುದಿಲ್ಲ. ಕೂತುಂಡರೆ ಕುಡಿಕೆ ಹೊನ್ನೂ ಸಾಲದು ಎಂದು ಹೆದರಿಸುತ್ತವೆ; ಸರಿ, ಆ ಕುಡಿಕೆಯನ್ನು ಎಲ್ಲಿಡೋಣ ಎಂದರೆ ಸುಮ್ಮನಾಗುತ್ತವೆ. ಇಂಥ ಗಾದೆಗಳನ್ನು ಉಂಡು ಬೆಳೆದವನ ಮನೆಯಲ್ಲೇ ಒಬ್ಬ ಹೂಡಿಕೆದಾರಳು ಹುಟ್ಟಿಕೊಂಡಳು.

ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಹೊಸ ತಿಪ್ಪಸಂದ್ರದ ನಮ್ಮ ಬಾಡಿಗೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಹೊಲಿಯುವಾಗ ಎದುರಿಗೆ ಟಿವಿ. ಧಾರಾವಾಹಿಗಳಲ್ಲಿ ಅತ್ತೆಯರ ಕಾಟ ಹೆಚ್ಚಾಯಿತೆಂದು ಚಾನೆಲ್ ಬದಲಿಸುತ್ತ ಹೋದವಳು, ಹಸಿರು ಕೆಂಪು ಅಂಕಿಗಳು ಓಡುವ ಒಂದು ಚಾನೆಲಿನಲ್ಲಿ ನಿಂತುಬಿಟ್ಟಳು. ಅರ್ಥವಾಗದ ಪದಗಳನ್ನು ನನ್ನನ್ನು ಕೇಳಿದಳು. ನನಗೂ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ಹೇಳಿದೆ. ಅವಳು ನಂಬಲಿಲ್ಲ. ಮಾರ್ಕೆಟ್ ರಸ್ತೆಯಲ್ಲಿ ಬೇಕರಿಯ ಮಹಡಿ ಮೇಲಿದ್ದ ಬ್ರೋಕರ್ ಆಫೀಸಿಗೆ ತಾನೇ ಹೋಗಿ ಕೇಳಿ ತಿಳಿದು ಖಾತೆ ತೆರೆದಳು. ಹೊಲಿಗೆಯ ಉಳಿತಾಯದಲ್ಲಿ ಒಂದು ಪಾಲು ಬ್ಯಾಂಕಿಗೆ, ಒಂದು ಪಾಲು ಷೇರಿಗೆ.

ಅಲ್ಲಿ ಅವಳಿಗೆ ಪರಿಚಯವಾದವರು ಅನಂತಸ್ವಾಮಿ. ನಮ್ಮ ಹಿಂದಿನ ಬೀದಿಯವರು, ನಿವೃತ್ತರು. ನಿವೃತ್ತಿಯ ಇಡುಗಂಟನ್ನೆಲ್ಲ ಷೇರಿಗೆ ಸುರಿದಿದ್ದರು. ಆ ದಿನಗಳಲ್ಲಿ ಏನು ಕೊಂಡರೂ ಏರುತ್ತಿತ್ತು. “ಮಾರ್ಚಲ್ಲಿ ಮಗಳ ಮದುವೆ. ಅಷ್ಟೊತ್ತಿಗೆ ಇದೇ ದುಡ್ಡು ಇನ್ನೂ ಬೆಳೆದಿರುತ್ತೆ ಬಿಡಮ್ಮ” ಎನ್ನುತ್ತಿದ್ದರು.

ಎರಡು ಸಾವಿರದ ಎಂಟರ ಸಂಕ್ರಾಂತಿ. ಡಬ್ಬಿಯಲ್ಲಿ ಎಳ್ಳುಬೆಲ್ಲ ಇನ್ನೂ ಉಳಿದಿತ್ತು, ಮಾರುಕಟ್ಟೆ ಕುಸಿಯಿತು. ಮೊದಲ ದಿನದ ಕುಸಿತವನ್ನು ಕ್ಯಾಂಟೀನಿನ ಟಿವಿಯಲ್ಲಿ ನೋಡಿದೆ. ಮರುದಿನ ರಜೆ ಹಾಕಿ, ಎಲ್ಲವನ್ನೂ ಮಾರಿಸಿಯೇ ತೀರುವುದೆಂದು ಗಿರಿಜಾಳ ಹಿಂದೆ ಬ್ರೋಕರ್ ಆಫೀಸಿನ ಮೆಟ್ಟಿಲು ಹತ್ತಿದೆ. ಬೆಳಗಿನ ವಹಿವಾಟು ಶುರುವಾದ ಕೂಡಲೇ ಮಾರುಕಟ್ಟೆ ಪಾತಾಳಕ್ಕೆ ಬಿತ್ತು. ಬಿದ್ದ ರಭಸಕ್ಕೆ ಇಡೀ ದೇಶದಲ್ಲಿ ವಹಿವಾಟನ್ನೇ ನಿಲ್ಲಿಸಿದರು. ಇನ್ನೊಂದು ಗಂಟೆ ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಅಂಥ ಒಂದು ಗಂಟೆಯನ್ನು ನಾನು ಆಸ್ಪತ್ರೆಯ ಹೊರಗೆ ಮಾತ್ರ ಕಂಡಿದ್ದೆ. ಕೋಣೆಯ ತುಂಬ ಜನ, ಕಣ್ಣೆಲ್ಲ ಪರದೆಯ ಮೇಲೆ. ಒಬ್ಬರು ಫೋನಿನಲ್ಲಿ ಉರ್ದುವಿನಲ್ಲಿ ಯಾರನ್ನೋ ಬೇಡಿಕೊಳ್ಳುತ್ತಿದ್ದರು. ಕೆಳಗಿನ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ನಾಚಿಕೆಯಿಲ್ಲದೆ ಮೇಲೇರಿ ಬರುತ್ತಿತ್ತು. ಅನಂತಸ್ವಾಮಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಗಿರಿಜಾ ಅವರಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂತಳು.

“ಸರ್, ಮದುವಿಗೆ ಎಷ್ಟು ರೊಕ್ಕ ಬೇಕೋ ಅಷ್ಟು ಇವತ್ತ ತಗೀರಿ.”

“ಇಷ್ಟು ನಷ್ಟಕ್ಕಾ? ಇವತ್ತಲ್ಲ ನಾಳೆ ಮೇಲೆ ಬಂದೇ ಬರುತ್ತಮ್ಮ.”

“ಬರ್ತೈತ್ರಿ. ಯಾವಾಗ ಬರ್ತೈತಿ ಅಂತ ನಿಮಗ ಗೊತ್ತೈತೇನು? ಮಾರ್ಕೆಟ್ ಏರಿದ ಮ್ಯಾಲ ಮದುವಿ ಅಂತ ಬೀಗರಿಗೆ ಹೇಳಾಕ ಆಗ್ತೈತೇನ್ರಿ?”

ನನಗೆ ಖುಷಿಯಾಯಿತು. “ಹಂಗಾದ್ರೆ ನಮ್ದೂ ಮಾರಿಬಿಡು” ಎಂದೆ.

“ನಮ್ಮದು ಬ್ಯಾಡ.”

“ಅವರಿಗೊಂದು ನ್ಯಾಯ, ನಮಗೊಂದು ನ್ಯಾಯಾನ?”

“ಹೌದ್ರಿ. ಅವರಿಗೆ ರೊಕ್ಕ ಮಾರ್ಚಿಗೆ ಬೇಕು. ನಮಗ ಬೇಕಾಗೂದು ಬ್ಯಾಂಕಿನಾಗ ಐತಿ. ಇದು ಇನ್ನೂ ಹತ್ತು ವರ್ಷ ಬೇಕಾಗಿಲ್ಲ.”

ಒಂದೇ ಕೋಣೆ, ಒಂದೇ ಕುಸಿತ, ಎರಡು ಉತ್ತರ. ಹೂಡಿಕೆಯ ಮೊದಲ ಪಾಠ ಅದೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ವಹಿವಾಟು ಮತ್ತೆ ಶುರುವಾಯಿತು. ಕಂಪ್ಯೂಟರಿನ ಮುಂದಿದ್ದವನು ಕೇಳಿದ: “ಬೇಗ ಹೇಳಿ ಸಾರ್, ಮಾರೋದಾ, ಬೇಡ್ವಾ?” ಅನಂತಸ್ವಾಮಿ ಒಮ್ಮೆ ಗಿರಿಜಾಳ ಕಡೆ ನೋಡಿದರು. ಕೊನೆಗೆ ಕಣ್ಣು ಮುಚ್ಚಿಕೊಂಡು ಹೂಂ ಎಂದು ತಲೆಯಾಡಿಸಿದರು. ಮದುವೆಯ ಪಾಲು ಮಾರಾಟವಾಯಿತು.

ಅಂದೇ ಮಧ್ಯಾಹ್ನ ಮಾರುಕಟ್ಟೆ ಎದ್ದು ನಿಂತಿತು! ಬಿದ್ದುದರಲ್ಲಿ ಎಷ್ಟೋ ಪಾಲು ಸಂಜೆಯ ಹೊತ್ತಿಗೆ ವಾಪಸು ಬಂತು. ಅನಂತಸ್ವಾಮಿ ನಮ್ಮ ಮನೆಗೆ ಬಂದರು. ಚಪ್ಪಲಿ ಕೂಡ ಬಿಡಲಿಲ್ಲ. “ನಿಮ್ ಮಾತು ಕೇಳಿ ಹಾಳಾದೆ ಕಣಮ್ಮ. ಸಂಜೆವರೆಗೆ ಸುಮ್ನಿದ್ದಿದ್ರೆ ಸಾಕಾಗಿತ್ತು.” ಗಿರಿಜಾ ಕಾಫಿ ತಂದಳು. ಅವರು ಮುಟ್ಟದೆ ಹೊರಟುಹೋದರು. ಆಮೇಲೆ ನಮ್ಮನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಗಿರಿಜಾ ಅಂದಿನಿಂದ ಹೊಲಿಗೆಯಲ್ಲಿ ತಪ್ಪತೊಡಗಿದಳು. ಹೊಲಿದ ತೋಳನ್ನು ಬಿಚ್ಚಿ ಮತ್ತೆ ಹೊಲಿಯುವಾಗ ಒಮ್ಮೆ ಅಂದಳು: “ಇನ್ನೊಬ್ಬರ ರೊಕ್ಕದ ಮಾತಿಗೆ ನಾ ಯಾಕ ಹೋದ್ನೋ.”

ಮಾರ್ಚ್ ಬಂತು. ಮಾರುಕಟ್ಟೆ ಮತ್ತೆ ಜಾರಿ, ಅವರು ಮಾರಿದ ದಿನಕ್ಕಿಂತಲೂ ಕೆಳಗೆ ಹೋಯಿತು. ಅದೇ ವಾರ ಅನಂತಸ್ವಾಮಿ ಮದುವೆಯ ಕರೆಯೋಲೆ ಹಿಡಿದು ನಮ್ಮ ಬಾಗಿಲಿಗೆ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತರು. “ಬರ್ರಿ ಸರ್, ಕಾಫಿ ಕುಡೀರಿ” ಎಂದಳು ಗಿರಿಜಾ. ಈ ಸಲ ಕುಡಿದರು. ಹಲಸೂರಿನ ಛತ್ರದಲ್ಲಿ ಮದುವೆಯಾಯಿತು. ವಾದ್ಯಗೋಷ್ಠಿ ಇರಲಿಲ್ಲ, ಐಸ್‌ಕ್ರೀಮ್ ಇರಲಿಲ್ಲ. ಮಗಳ ಕತ್ತಿನಲ್ಲಿ ತಂದೆ ಮಾಡಿಸಿದ್ದ ಸರ ಇತ್ತು. ಪಂಕ್ತಿಯಲ್ಲಿ ಗಿರಿಜಾಳ ಎಲೆಯ ಮುಂದೆ ಅನಂತಸ್ವಾಮಿಯೇ ಬಂದು ನಿಂತು, “ಅವತ್ತು ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ ಕಣಮ್ಮ” ಎನ್ನುತ್ತ, ಬೇಡ ಬೇಡ ಎಂದರೂ ಕೇಳದೆ ಒಬ್ಬಟ್ಟಿನ ಮೇಲೆ ತುಪ್ಪ ಸುರಿದರು.

ನಮ್ಮ ಷೇರುಗಳ ಕತೆ ಅಷ್ಟು ಬೇಗ ಮುಗಿಯಲಿಲ್ಲ. ಆ ವರ್ಷವಿಡೀ ಇಳಿಯುತ್ತಲೇ ಹೋಗಿ, ದೀಪಾವಳಿಯ ಹೊತ್ತಿಗೆ ಅರ್ಧವೂ ಉಳಿಯಲಿಲ್ಲ. ಮುಂದೆ ಕೆಲವು ವರ್ಷಗಳಲ್ಲಿ ಅವು ಚೇತರಿಸಿಕೊಂಡವು, ಹಾಕಿದ್ದಕ್ಕಿಂತ ಹೆಚ್ಚೇ ಆದವು; ಆದರೆ ಅದು ಆ ದೀಪಾವಳಿಯಂದು ಯಾರಿಗೆ ಗೊತ್ತಿತ್ತು? ಗಿರಿಜಾ ಟಿವಿ ಆರಿಸಿ, ಹೊಲಿಗೆ ಯಂತ್ರದ ಮುಂದೆ ಕೈಕಟ್ಟಿ ಕೂತಿದ್ದಳು. ಮುಖ ಸಣ್ಣದಾಗಿತ್ತು.

“ನಿನಗೆ ಹೆದರಿಕೆ ಆಗಲ್ವಾ?” ಎಂದು ಕೇಳಿದೆ.

“ಆಗ್ತೈತ್ರಿ, ಯಾಕಾಗಂಗಿಲ್ಲ” ಎಂದಳು. “ಹೆದರಿಕಿ ಆದಾಗ ಮಾರಬಾರದು ಅನ್ನೂದಷ್ಟ ಕಲತೀನಿ. ಹೆದರದ ಇರೂದು ಇನ್ನೂ ಕಲಿತಿಲ್ಲ.”