ಒಂಬತ್ತರಲ್ಲಿ ಒಂದು ಸುಳ್ಳು ಸಾಲು

"ಅಕ್ಕಾ, ನಾನು ಚಿನ್ನಕ್ಕೆ ಬಾಯಿ ಬಿಡ್ತಿದೀನಿ ಅಂತ ಊರವ್ರು ಅಂದ್ಕೊಂಡಿದಾರೆ. ಅಂದ್ಕೊಳ್ಲಿ ಬಿಡು. ಚಿನ್ನ ಮಾಡ್ತೀನಿ ಅಂದ್ರೆ ಹುಚ್ಚ ಅಂತ ನಕ್ಕು ಹೋಗ್ತಾರೆ. ಔಷಧ ಮಾಡ್ತೀನಿ ಅಂದ್ರೆ ವೈದ್ಯರು ಬರ್ತಾರೆ, ಪಾದ್ರಿ ಬರ್ತಾನೆ, ಯಾರ ಅಪ್ಪಣೆ ತಗೊಂಡೆ ಅಂತ ಕೇಳ್ತಾರೆ. ಅದಕ್ಕೇ ಚಿನ್ನ ಅಂತೀನಿ. ನನಗೆ ಬೇಕಾಗಿರೋದು ಮಗಳು ಬೀಳ್ದೆ ನೆಟ್ಟಗೆ ನಿಲ್ಲೋದು, ಅಷ್ಟೇ. ಎಲ್ಲಾ ಬರೆದಿಟ್ಟಿದೀನಿ. ಒಂಬತ್ತು ಸಾಲು. ಅದರಲ್ಲಿ ಒಂದು ಸುಳ್ಳು. ನನ್ನ ಗುರು ಉಪ್ಪು ಮುಟ್ಟಿಸಿ ಆಣೆ ಹಾಕಿಸಿದ್ದ. ಹಾಳೆಗೊಂದು ಸುಳ್ಳು ಸಾಲು ಇರ್ಲೇಬೇಕು, ಅದು ಯಾವ್ದು ಅನ್ನೋದು ತಲೆಯೊಳಗೆ ಮಾತ್ರ ಇರ್ಬೇಕು. ಕಳ್ಳ ಹಾಳೆ ಕದೀಬಹುದು, ಕೆಲಸ ಕದಿಯಕ್ಕಾಗಲ್ಲ. ದೊರೆ ಕಡೆಯವ್ರು ಹಿಡ್ಕೊಂಡು ಹೋದ್ರೂ ನನ್ನ ಜೀವ ಉಳಿಸ್ಲೇಬೇಕು, ಉಳಿದದ್ದು ನನ್ನ ತಲೇಲಿದೆಯಲ್ಲ! ಇನ್ನೊಂದು ನಿಜ ಹೇಳ್ಲಾ? ಎಲ್ಲರಿಗೂ ಗೊತ್ತಾಗಿಬಿಟ್ರೆ ನಾನ್ಯಾರು? ಅದಿರು ತೂಗೋ ಟೋಬಿಯಾಶ್. ಯಾರಿಗೂ ಗೊತ್ತಿಲ್ದೆ ಇರೋದ್ರಿಂದ ನಾನೂ ಒಬ್ಬ ಮನುಷ್ಯ."

ಇಷ್ಟನ್ನೂ ಟೋಬಿಯಾಶ್ ಹೇಳಿದ್ದು ನಮ್ಮ ಲಾಯದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು. ನಮ್ಮೂರು ಕುಟ್ನಾ ಹೋರಾದ ಗಣಿಯಿಂದ ಬರುವ ಅದಿರಿನಲ್ಲಿ ಬೆಳ್ಳಿ ಎಷ್ಟಿದೆ ಎಂದು ಪರೀಕ್ಷಿಸಿ ಹೇಳುವುದು ಅವನ ಕೆಲಸ. ನಾನು ಪ್ರೊಕೊಪ್ ಎಂಬವನ ಛತ್ರದ ಲಾಯ ನೋಡಿಕೊಳ್ಳುವವಳು. ನನ್ನ ಗಂಡ ನೋಡಿಕೊಳ್ಳುತ್ತಿದ್ದ, ಅವನು ಹೋದ ಮೇಲೆ ನಾನು. ನಮ್ಮಿಬ್ಬರ ನಡುವೆ ಇದ್ದದ್ದು ಕುದುರೆ ಲದ್ದಿಯ ವ್ಯವಹಾರ. ಅವನ ಗಾಜಿನ ಕುಪ್ಪಿಗೆ ಬೆಂಕಿಯ ಬಿಸಿ ಆಗುತ್ತಿರಲಿಲ್ಲ, ಬಸುರಿಯ ಹೊಟ್ಟೆಯಷ್ಟೇ ಬಿಸಿ ಬೇಕಿತ್ತು. ಹಸಿ ಲದ್ದಿಯ ರಾಶಿಯೊಳಗೆ ಕುಪ್ಪಿಯನ್ನು ಹೂತಿಟ್ಟರೆ ಆ ಬಿಸಿ ಸಿಗುತ್ತದೆ. ಮೂರು ದಿನಕ್ಕೊಮ್ಮೆ ಆರಿದ ಲದ್ದಿ ತೆಗೆದು ಹೊಸದನ್ನು ಒತ್ತಬೇಕು. ಅವನ ಹಿತ್ತಿಲಿಗೆ ಹೊತ್ತು ತಂದು ಒತ್ತುತ್ತಿದ್ದವಳು ನಾನು.

"ಏನಪ್ಪಾ ಟೋಬಿಯಾಶ್, ನಿನ್ನ ಕೋಳಿ ಕಾವಿಗೆ ಕೂತಾಯ್ತಾ?" ಎಂದು ಪ್ರೊಕೊಪ್ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. "ಮರಿ ಆದ್ರೆ ನಂಗೊಂದು ಕೊಡು. ಲದ್ದಿ ನಂದು ಕಣಯ್ಯಾ."

"ಲದ್ದಿ ಕುದುರೇದು. ನಿಂದಾಗಿದ್ರೆ ಇಷ್ಟು ಬಿಸಿ ಎಲ್ಲಿರ್ತಿತ್ತು?" ಎಂದು ಟೋಬಿಯಾಶ್ ತಿರುಗಿ ಅನ್ನುತ್ತಿದ್ದ.

ಅವನ ಮಗಳು ಅನೆಶ್ಕಾ. ತಾಯಿಯಿಲ್ಲ. ಏಳನೆಯ ವಯಸ್ಸಿನಿಂದ ಅವಳಿಗೆ ಮೂರ್ಛೆ ಬರುತ್ತಿತ್ತು. ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಮೇಲೇ ಬೀಳುತ್ತಿದ್ದಳು. ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಅವಳಪ್ಪನ ಕುಪ್ಪಿಯಲ್ಲಿ ಕೆಂಪು ನೀರು ಇಳಿಯಿತು, ಮಾಗಿದ ಚೆರ್ರಿಯ ಬಣ್ಣ. ಭಾನುವಾರಕ್ಕೆ ಮೂರು ಹನಿ. ಆ ಬೇಸಿಗೆ ಅವಳು ಬೀಳಲಿಲ್ಲ. ಸುಗ್ಗಿಯಲ್ಲಿ ಬೀಳಲಿಲ್ಲ. ಸಂತ ಮಾರ್ಟಿನರ ಹಬ್ಬಕ್ಕೆ ಬಾತು ಸುಟ್ಟು, ಅದರ ಬಿಸಿ ಕೊಬ್ಬಿನ ಬಟ್ಟಲನ್ನು ತಾನೇ ಹಿಡಿದು ನಮ್ಮ ಮನೆಗೆ ತಂದಳು. "ನೋಡು ದೊಡ್ಡಮ್ಮಾ, ಒಂದು ಹನಿ ಚೆಲ್ಲಿಲ್ಲ" ಎಂದಳು.

ಚಳಿಗಾಲದ ನಡುವೆ ಅವನ ಕೆಲಸದ ಕೋಣೆಯಲ್ಲಿ ಕುಪ್ಪಿಯೊಂದು ಒಡೆಯಿತು. ಪಾದರಸದ ಹೊಗೆ. ಯಾರೂ ಇಣುಕಬಾರದೆಂದು ಅವನು ಕಿಟಕಿಯ ಸಂದು, ಬೀಗದ ತೂತು ಎಲ್ಲಕ್ಕೂ ಮೇಣ ಮೆತ್ತುತ್ತಿದ್ದ. ಹೊಗೆ ಹೊರಗೆ ಹೋಗಲಿಲ್ಲ, ಅವನೊಳಗೆ ಹೋಯಿತು. ಹನ್ನೊಂದು ದಿನ ಮಲಗಿದ್ದ. ಎದ್ದಾಗ ಕೈ ನಡುಗುತ್ತಿತ್ತು, ವಸಡು ಕಪ್ಪಾಗಿತ್ತು. ಹೆಂಡತಿ ಸತ್ತ ವರ್ಷ ನೆನಪಿತ್ತು. ಸುಳ್ಳು ಸಾಲು ಯಾವುದೆಂದು ನೆನಪಿರಲಿಲ್ಲ.

ಶೀಸೆಯಲ್ಲಿ ಎರಡು ಬೆರಳಿನಷ್ಟು ಕೆಂಪು ನೀರು ಉಳಿದಿತ್ತು.

ಅವನು ಲಾಯಕ್ಕೆ ಬಂದು ಅದೇ ಬಕೆಟ್ಟಿನ ಮೇಲೆ ಕೂತ. "ಅಕ್ಕಾ, ಕೆಂಪು ನೀರು ಇಳಿದ ಸಲ ನಾನು ಏನು ಮಾಡ್ದೆ ಹೇಳು."

"ನನಗೇನು ಗೊತ್ತು? ಒಳಗೆ ಬಿಟ್ಕೊಂಡಿದ್ಯಾ?"

"ಲದ್ದಿ ಎಷ್ಟು ದಿನ ಹೊತ್ತೆ?"

"ಸಂತ ಜಾರ್ಜರ ಹಬ್ಬದ ದಿನ ಕುಪ್ಪಿ ಇಟ್ಟೆ. ಆಮೇಲೆ ಹದಿಮೂರು ಸಲ ಬದಲಾಯಿಸ್ದೆ. ಮೂರು ದಿನಕ್ಕೊಂದು ಸಲ. ನೀನೇ ಲೆಕ್ಕ ಹಾಕು."

ಅವನು ಬೆರಳು ಮಡಚಿ ಎಣಿಸಿದ. "ನಲವತ್ತು. ಹಾಳೆಯಲ್ಲೂ ನಲವತ್ತು. ಹಾಗಾದ್ರೆ ಆ ಸಾಲು ನಿಜ."

ನನಗೆ ಗೊತ್ತಿದ್ದದ್ದು ಆ ಒಂದೇ ಸಾಲು. ಉಳಿದದ್ದು ಎಂಟು. ಸುಳ್ಳು ಬರೆಯುವಾಗ ತಾನು ಯಾವಾಗಲೂ ನಿಜವನ್ನು ತಿರುಗಿಸಿಯೇ ಬರೆಯುತ್ತಿದ್ದೆ ಎಂದ. ಮೊದಲು ಎಂದಿದ್ದರೆ ಆಮೇಲೆ, ಹೆಚ್ಚು ಎಂದಿದ್ದರೆ ಕಡಿಮೆ. ಒಂದೊಂದೇ ಸಾಲನ್ನು ತಿರುಗಿಸಿ ನೋಡಬೇಕು. ಒಂದೊಂದಕ್ಕೂ ನಲವತ್ತು ದಿನ.

ಅನೆಶ್ಕಾ ಲಾಯದ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನನಗಾದ್ರೂ ಹೇಳಿಡಬಾರದಿತ್ತಾ ಅಪ್ಪಾ?"

"ನಿನಗೆ ಹೇಳಿದ್ರೆ ನಿನ್ನ ಗಂಡನಿಗೆ ಹೇಳ್ತೀಯ."

"ಬೀಳೋಳನ್ನ ಯಾರು ಕಟ್ಕೋತಾರೆ?"

"ಬೀಳ್ದೆ ಇದ್ರೆ ಕಟ್ಕೋತಾರಲ್ಲ."

"ನನ್ನ ಔಷಧಾನ ನನ್ನಿಂದ ಬಚ್ಚಿಟ್ಟೆ. ಚೆನ್ನಾಗಿದೆ" ಎಂದು ಅವಳು ನಕ್ಕಳು. ಅವಳು ನಗುವುದು ಹಾಗೆಯೇ, ಮೂಗಿನಲ್ಲಿ. ಅವನು ನಗಲಿಲ್ಲ.

ಚಳಿಗಾಲದ ಕೊನೆಗೆ ಲೆಂಟಿನ ಉಪವಾಸ ಶುರುವಾದಾಗ ಮೊದಲ ಕುಪ್ಪಿ ಹೂತೆವು. ನಲವತ್ತು ದಿನ ಕಳೆದು ತೆಗೆದಾಗ ಬಿಯರಿನ ಗಸಿಯಂಥದ್ದು ಇತ್ತು. ಎರಡನೆಯದು ಕಪ್ಪಗೆ ಕಟ್ಟಿಕೊಂಡಿತ್ತು. ಅಷ್ಟರಲ್ಲಿ ಅನೆಶ್ಕಾ ಮೂರು ಹನಿಯನ್ನು ಎರಡು ಮಾಡಿ, ಎರಡನ್ನು ಒಂದು ಮಾಡಿ ಕುಡಿಯುತ್ತಿದ್ದಳು. ಜೂನ್ ಕೊನೆಗೆ ಶೀಸೆಗೆ ನೀರು ಹಾಕಿ ಕುಲುಕಿ ಅದನ್ನೂ ಕುಡಿದಳು. ಮರುವಾರ ಬಾವಿಕಟ್ಟೆಯಲ್ಲಿ ಬಿದ್ದಳು. ಹುಬ್ಬು ಒಡೆಯಿತು. ಪ್ರೊಕೊಪ್ ಅವಳನ್ನು ಎತ್ತಿಕೊಂಡು ಬಂದ. ಆಮೇಲೆ ಅವನು ಕೋಳಿಯ ಮಾತು ಎತ್ತಲಿಲ್ಲ.

ಮೂರನೆಯ ಕುಪ್ಪಿ ಹೂತು ಹತ್ತೊಂಬತ್ತನೆಯ ದಿನ, ಆಗಸ್ಟಿನಲ್ಲಿ, ಅನೆಶ್ಕಾ ಹಾಸಿಗೆಯ ಬಟ್ಟೆ ಜಾಲಿಸಲು ಗಿರಣಿಯ ಕಾಲುವೆಗೆ ಹೋದಳು. ಅಲ್ಲಿ ಮೊಣಕಾಲು ಮುಳುಗುವಷ್ಟು ನೀರು. ತಿರುವಿನ ಆಚೆ ಇಬ್ಬರು ಹೆಂಗಸರು ಒಗೆಯುತ್ತಿದ್ದರು. ಬಟ್ಟೆ ಬಡಿಯುವ ಕೊರಡಿನ ಸದ್ದು ನಿಂತಿದ್ದಕ್ಕೆ ಇವಳು ಮನೆಗೆ ಹೋದಳೆಂದುಕೊಂಡರು. ಕೊರಡು ಅವರ ಕಡೆಗೆ ತೇಲಿ ಬಂದಾಗ ಓಡಿದರು. ಅವಳು ಮುಖ ಕೆಳಗಾಗಿ ಬಿದ್ದಿದ್ದಳು. ಬಟ್ಟೆ ಅವಳ ಕೈಯಲ್ಲೇ ಇತ್ತು.

ನಾವು ಹೆಂಗಸರು ಅವಳ ಮೈ ತೊಳೆದು, ಕೂದಲು ಬಾಚಿದೆವು. ಟೋಬಿಯಾಶ್ ಮೂಲೆಯ ಬೆಂಚಿನ ಮೇಲೆ ಕೂತಿದ್ದ. ಅತ್ತನೋ ಇಲ್ಲವೋ ನಾನು ನೋಡಲಿಲ್ಲ. ಯಾರೋ ಬಟಾಣಿಯ ಗಂಜಿ ಕೊಟ್ಟರು, ತಿಂದ. ಮಾರನೆಯ ದಿನ ಮಣ್ಣು ಮಾಡಿದೆವು.

ಅದರ ಮರುದಿನ ಬೆಳಿಗ್ಗೆ ನಾನು ಕುದುರೆಗಳಿಗೆ ನೀರು ಕೊಡುತ್ತಿದ್ದೆ. ಅವನು ಬಂದ.

"ಅಕ್ಕಾ, ಇವತ್ತು ಇಪ್ಪತ್ತೊಂದನೇ ದಿನ. ಲದ್ದಿ ಬದಲಾಯಿಸ್ಬೇಕು."

ನಾನು ಬಕೆಟ್ ಕೆಳಗಿಟ್ಟೆ. "ಇನ್ಯಾರಿಗಪ್ಪಾ?"

"ಯಾರಿಗೂ ಅಲ್ಲ."

"ಮತ್ತೆ?"

"ಇದು ಅರ್ಧದಲ್ಲಿದೆ. ಇದಾದ್ಮೇಲೆ ಇನ್ನೂ ಐದು ಸಾಲಿದೆ. ಯಾವ್ದು ಸುಳ್ಳು ಅಂತ ತಿಳೀಬೇಕು. ಇನ್ನೇನೂ ಬೇಡ."

"ತಿಳಿದು?"

ಅವನು ಅಂಗಿಯೊಳಗಿಂದ ಹಾಳೆ ತೆಗೆದ, ಸೀಸದ ಕಡ್ಡಿಯಿಂದ ದಿನದ ಗೀಟು ಎಳೆಯಲು. ಕೈ ನಡುಗಿ ಗೀಟು ಸೊಟ್ಟಗಾಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಹಾಳೆಯನ್ನು ನನಗೆ ಕಾಣದ ಹಾಗೆ ಎದೆಯ ಕಡೆಗೆ ತಿರುಗಿಸಿಕೊಂಡ. ನಿಧಾನವಾಗಿ ಓದಿದರೆ ಅಕ್ಷರ ಕೂಡಿಸುವಷ್ಟು ನನಗೂ ಬರುತ್ತದೆ ಎಂದು ಅವನಿಗೆ ಗೊತ್ತು.

ಬೇಡ ಎನ್ನಬಹುದಿತ್ತು. ಅಂದರೆ ಅವನು ಇನ್ನೊಂದು ಲಾಯಕ್ಕೆ ಹೋಗುತ್ತಿದ್ದ, ಅಷ್ಟೇ. ಹೇಗೂ ಲಾಯ ಗುಡಿಸುವುದು ಬಾಕಿ ಇತ್ತು. ಬುಟ್ಟಿ ಎಳೆದುಕೊಂಡೆ. ಕಂದು ಕುದುರೆಯ ಹಿಂದಿನಿಂದ ಶುರುಮಾಡಿ, ಇನ್ನೂ ಹಬೆಯಾಡುತ್ತಿದ್ದ ಲದ್ದಿಯನ್ನು ಹುಲ್ಲಿನಿಂದ ಬೇರೆ ಮಾಡಿ, ಕವೆಗೋಲಿನಿಂದ ಬುಟ್ಟಿಗೆ ತುಂಬುತ್ತಾ ಹೋದೆ.