ಕಿವಿ ಇರುವ ಕೌದಿ

ನಂಜುಂಡಪ್ಪನನ್ನು ಸರಕು ಅಂತ ನೋಡಿದರೆ ಹೀಗೆ: ಗಾತ್ರ ಪರವಾಗಿಲ್ಲ, ಬಣ್ಣ ಹೊಗೆ ಕುಡಿದ ಅಟ್ಟದ್ದು, ಸಿಪ್ಪೆ ದಪ್ಪ, ಅಲ್ಲಾಡಿಸಿದರೆ ಸದ್ದು ವಿಪರೀತ. ಅಟ್ಟದ ಮೇಲೆ ಕಾಯಿ ಒಣಗುತ್ತಾ ಬಂದಂತೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ. ಕಿವಿ ಹತ್ತಿರ ಹಿಡಿದು ಕುಲುಕಿದಾಗ ಆ ಸದ್ದು ಬಂದರೆ ಉಂಡೆ ಕೊಬ್ಬರಿ ಆಯಿತೆಂದು ಅರ್ಥ. ನಂಜುಂಡಪ್ಪ ಹುಟ್ಟಿದಾಗಿನಿಂದಲೂ ಗಡಗಡ ಅನ್ನುತ್ತಲೇ ಇದ್ದಾನೆ. ಆದರೆ ಆತ ಬಲಿತ ಲಕ್ಷಣ ತಿಪಟೂರಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವನ ಕೊಬ್ಬರಿ ಅಂಗಡಿ ನನ್ನ ಕೊಬ್ಬರಿ ಅಂಗಡಿಗೆ ಎದುರು. ಎದುರಂಗಡಿಯವನನ್ನು ಹೊಗಳುವ ಅಭ್ಯಾಸ ನಮ್ಮ ಬೀದಿಯಲ್ಲಿ ಇಲ್ಲ, ಆದರೂ ಒಂದು ಮಾತು ಒಪ್ಪಬೇಕು. ಮೂಟೆ ಹೊಲಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹಮಾಲಿಗಳು ಹೊಲಿದರೆ ಸಡಿಲವಾಗುತ್ತದೆಂದು ತಾನೇ ದಬ್ಬಳ ಹಿಡಿದು, ಹುರಿ ಪೋಣಿಸಿ, ಎತ್ತುವಾಗ ಹಿಡಿ ಸಿಗಲೆಂದು ಚೀಲದ ಮೂಲೆ ಮುದುಡಿ ಕಿವಿ ಕಟ್ಟಿ, ಬಾಯಿಯುದ್ದಕ್ಕೂ ಜಗ್ಗಿ ಜಗ್ಗಿ ಹೊಲಿಯುತ್ತಿದ್ದ. ಆ ಮೂಟೆಯಿಂದ ಗಾಳಿಯೂ ಅಪ್ಪಣೆ ಕೇಳಿ ಆಚೆ ಬರಬೇಕು. ಜನ್ಮಕ್ಕೆ ಇದೊಂದು ವಿದ್ಯೆ ಸಾಕೆಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ.

ಅವನ ಮನೆಯವರು ಸುವರ್ಣಮ್ಮನವರು. ಅವನಿಗೆ ಏಕವಚನ, ಅವರಿಗೆ ಬಹುವಚನ ಯಾಕೆಂದು ಕೇಳಬೇಡಿ. ದರ್ಜೆ ನೋಡಿ ಬೆಲೆ ಕಟ್ಟುವುದು ನಮ್ಮ ಕಸುಬು. ಮಗಳು ಇಂಪನಾ ಚೊಚ್ಚಲು ಬಸುರಿ ಎಂದು ತಿಳಿದ ದಿನವೇ ಆಯಮ್ಮ ತೊಟ್ಟಿಲಿಗೆ ಹಾಸಲು ಕೌದಿ ಹಿಡಿದು ಕೂತರು. ಒಳಗೆ ತಮ್ಮ ಹಳೆಯ ನೂಲಿನ ಸೀರೆಗಳು, ಮೇಲೆ ಗಂಡನ ಹಳೆಯ ಬಿಳಿ ಪಂಚೆ, ಪಂಚೆಯ ನಡುವೆ ಹಳದಿ ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿದ ತೆಂಗಿನ ಹೊಂಬಾಳೆ. ಹೊಂಬಾಳೆ ಮುಗಿಯಿತು, ಸುತ್ತಲಿನ ನೆಲ, ಅಂದರೆ ಬರಿ ಬಿಳಿ ಭಾಗ ಹೊಲಿಯುವುದಷ್ಟೇ ಬಾಕಿ ಅನ್ನುವಾಗ ಅವರ ಬಲಗೈಗೆ ಲಕ್ವ ಹೊಡೆಯಿತು. ನಾಲಗೆಗೆ ಏನೂ ಆಗಲಿಲ್ಲ. ನಂಜುಂಡಪ್ಪನ ಅದೃಷ್ಟವೇ ಅಷ್ಟು.

ಇಷ್ಟರಲ್ಲಿ ತುರುವೇಕೆರೆಯ ಬೀಗಿತ್ತಿ ಮರುಕಪಟ್ಟು, ಕರಡಿಮರಿಗಳ ಚಿತ್ರವಿದ್ದ ಸ್ಪಂಜಿನ ಹಾಸಿಗೆಯೊಂದನ್ನು ಆನ್‌ಲೈನಿನಲ್ಲಿ ತರಿಸಿ ಕಳಿಸಿದರು. "ನಿಮಗ್ಯಾಕೆ ತೊಂದರೆ, ಕೈ ಬೇರೆ ಹಂಗಾಗಿದೆ" ಎಂದು ಫೋನಿನಲ್ಲಿ ಹೇಳಿದರಂತೆ. ಸುವರ್ಣಮ್ಮನವರು ಆ ಹಾಸಿಗೆಯನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿಸಿದರು. ಮೊಮ್ಮಗು ತೊಟ್ಟಿಲಿಗೆ ಬೀಳುವ ಹೊತ್ತಿಗೆ ಕೌದಿ ಮುಗಿಯದಿದ್ದರೆ, ಈ ಮನೆಯಲ್ಲಿ ತಮ್ಮಿಂದ ಇನ್ನು ಏನೂ ಆಗದು ಅನ್ನುವ ಮಾತು ನಿಜವಾಗಿಬಿಡುತ್ತದೆಂದು ಅವರಿಗೆ ಭಯ.

ಪಕ್ಕದ ಮನೆಯ ಪುಟ್ಟಗಂಗಮ್ಮ ಕೌದಿ ಹಾಕುವುದರಲ್ಲಿ ಪಳಗಿದ ಹೆಂಗಸು. "ತತ್ತಾರಕ್ಕ, ನಾನು ಮುಗಿಸಿಕೊಡ್ತೀನಿ" ಅಂದಳು. ಸುವರ್ಣಮ್ಮನವರು ಕಾಫಿ ಕೊಡಿಸಿ ಕಳಿಸಿದರು, ಕೌದಿ ಕೊಡಲಿಲ್ಲ. ಆಮೇಲೆ ಗಂಡನನ್ನು ಕರೆದರು.

"ಏನ್ರೀ, ಬನ್ನಿ ಇಲ್ಲಿ. ಸೂಜಿ ಹಿಡೀರಿ."

"ಯಾರು, ನಾನಾ? ಪುಟ್ಟಗಂಗಮ್ಮ ಮಾಡ್ತೀನಿ ಅಂದ್ಲಲ್ಲೇ!"

"ಅವಳು ಹಾಕಿದ್ರೆ ಊರವರು ಪುಟ್ಟಗಂಗಮ್ಮನ ಕೌದಿ ಅಂತಾರೆ. ನೀವು ಹಾಕಿದ್ರೆ ಯಾರೂ ನಂಬಲ್ಲ. ಕೌದಿ ನಂದಾಗೇ ಉಳ್ಕೊತದೆ."

ಇಂಥ ಲೆಕ್ಕಾಚಾರದ ಹೆಂಗಸನ್ನು ಮಂಡಿಗೆ ಬಿಟ್ಟಿದ್ದರೆ ನಾನೂ ನಂಜುಂಡಪ್ಪನೂ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದೆವು.

ಎದುರಂಗಡಿಯ ಬಾಗಿಲು ತಡವಾಗಿ ತೆರೆಯತೊಡಗಿತು. ಕಾರಣ ತಿಳಿಯಲು ನಾನು ಮನೆಗೇ ಹೋದೆ. ಪ್ರತಿಸ್ಪರ್ಧಿಯ ಕ್ಷೇಮ ವಿಚಾರಿಸುವುದು ಧರ್ಮ. ನೋಡಿದರೆ ನಮ್ಮ ನಂಜುಂಡಪ್ಪ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಕೌದಿಯ ಮೂಲೆಯೊಂದನ್ನು ಹಿಡಿದು ಜಗ್ಗುತ್ತಿದ್ದಾನೆ. ಮೂಲೆ ಮುದುಡಿ, ಮೊಂಡಾಗಿ, ಸಾಕ್ಷಾತ್ ಮೂಟೆಯ ಕಿವಿಯಾಗಿ ಎದ್ದು ನಿಂತಿದೆ.

"ಏನ್ಲಾ ಇದು, ಕೌದಿನ ಲೋಡ್ ಮಾಡಿ ಲಾರಿಗೆ ಹಾಕ್ತೀಯಾ?"

"ಮುಚ್ಕೊಂಡು ಕೂತ್ಕೊಳ್ಲಾ. ಬಿಗಿ ಇದ್ರೆ ಬಾಳಿಕೆ ಬತ್ತದೆ."

ಕುರ್ಚಿಯಲ್ಲಿದ್ದ ಸುವರ್ಣಮ್ಮನವರು ನನ್ನ ಕಡೆ ತಿರುಗಿದರು. "ನೀವೇ ಹೇಳಿ ಅಣ್ಣಯ್ಯ" ಅಂದವರು ಗಂಡನಿಗೆ, "ಏನ್ರೀ, ಒಳಗಿರೋದು ಕೊಬ್ಬರಿ ಅಲ್ಲ, ನನ್ನ ಹಳೇ ಸೀರೆ. ಎಲ್ಲೂ ಓಡೋಗಲ್ಲ, ಕೈ ಸಡಿಲ ಬುಡಿ!"

ಆಮೇಲೆ ಅವರು ನೆಲ ಹೊಲಿಯುವ ಮರ್ಮ ಬಿಡಿಸಿ ಹೇಳಿದರು. ಹೊಂಬಾಳೆಯ ಮೇಲೆ ಸೂಜಿ ಆಡಿಸಬಾರದು. ಅದರ ಅಂಚು ಹಿಡಿದು ಸುತ್ತ, ಅದರಾಚೆ ಇನ್ನೊಂದು ಸುತ್ತ, ಬಾವಿಗೆ ಕಲ್ಲು ಹಾಕಿದಾಗ ಏಳುವ ಅಲೆಯ ಹಾಗೆ ಹೊಲಿಗೆ ಹರಡುತ್ತಾ ಹೋಗಬೇಕು. ಅಲೆ ಮುಟ್ಟದ ಮೂಲೆಗಳಿಗೆ ಇರುವೆ ದಾರಿ. ಅಂದರೆ ಹೊಲಿಗೆ ಅಂಕುಡೊಂಕಾಗಿ ಸುತ್ತಾಡಬೇಕು, ಆದರೆ ತನ್ನ ದಾರಿಯನ್ನು ತಾನೇ ದಾಟಬಾರದು. "ಸುತ್ತಲ ನೆಲ ತಗ್ಗಿ ಕೂತ್ಕೊಂಡ್ರೆ ಹೊಂಬಾಳೆ ತಾನಾಗೇ ಎದ್ದು ನಿಲ್ತದೆ ಕಣ್ರೀ."

ತಗ್ಗಿ ಕೂತು ಇನ್ನೊಬ್ಬರನ್ನು ಎದ್ದು ನಿಲ್ಲಿಸುವ ಕೆಲಸ! ಇನ್ನೊಬ್ಬರ ಮಾಲನ್ನು ಕೌಟು ವಾಸನೆ ಅಂತ ತಗ್ಗಿಸಿ ತನ್ನದನ್ನು ಎತ್ತಿ ಹಿಡಿದೇ ಮೂಗಿನ ಮೇಲೆ ಕನ್ನಡಕ ಬಂದವನಿಗೆ ಇದನ್ನು ಕಲಿಸುವುದು ಉಂಟೇ? ನಾನು ನಕ್ಕುಬಿಟ್ಟೆ. ನಗುವಿನ ಬಿಸಿಯಲ್ಲಿ ನಾಲಗೆಯೂ ಜಾರಿತು.

"ನಾಮಕರಣದೊಳಗೆ ನೀನು ಇದನ್ನ ನೆಟ್ಟಗೆ ಮುಗಿಸಿದ್ರೆ ನನ್ನ ಮದುವೆ ಪಂಚೆ ಕೊಡ್ತೀನಿ ಕಣ್ಲಾ. ಮುಂದಿನ ಕೌದಿಗೆ ಹರ್ಕೊ."

"ಅತ್ತಿಗೇನ ಕೇಳಿ ಹೇಳ್ತಿದೀಯಾ?" ಅಂದ ನಂಜುಂಡಪ್ಪ. ಕೇಳಿರಲಿಲ್ಲ.

ಆಮೇಲಿನ ದಿನಗಳನ್ನು ಏನು ವರ್ಣಿಸಲಿ. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಅಲೆ ಹೇಗೋ ಬಂತು, ಇರುವೆ ದಾರಿ ಬರಲೊಲ್ಲದು. ಅವನ ಕೈ ಚೀಲದ ಬಾಯಿಯ ಹಾಗೆ ನೆಟ್ಟಗೆ ಹೋಗುವುದು, ಇಲ್ಲವೇ ತಿರುಗಿ ಬಂದು ತನ್ನ ದಾರಿಯನ್ನೇ ತುಳಿಯುವುದು. ಕೊನೆಗೊಂದು ಬೆಳಿಗ್ಗೆ ಅವನು ತನ್ನ ಅಂಗಡಿಯ ಹೊಸ್ತಿಲಲ್ಲಿ ಕೊಬ್ಬರಿ ಚೂರೊಂದನ್ನು ಇಟ್ಟು, ಕುಕ್ಕರಗಾಲಲ್ಲಿ ಕೂತು, ಅದಕ್ಕೆ ಬಂದ ಇರುವೆಗಳನ್ನು ನೋಡುತ್ತಿದ್ದ. ಜೀವಮಾನವಿಡೀ ಮೂಟೆಗೆ ಇರುವೆ ಹತ್ತದಂತೆ ಪುಡಿ ಸುರಿದವನು ಈಗ ಅವುಗಳನ್ನು ಮನೆಗೆ ಬಂದ ಬೀಗರ ಹಾಗೆ ಉಪಚರಿಸುತ್ತಿದ್ದಾನೆ! ಕೊಬ್ಬರಿ ಕೊಳ್ಳಲು ಬಂದ ಗಿರಾಕಿ ಅವನನ್ನು ಕೊಂಚ ಹೊತ್ತು ನೋಡಿ, ಮಾತಾಡಿಸದೆ ನನ್ನ ಅಂಗಡಿಗೆ ಬಂದ. ನಾನೂ ನಂಜುಂಡಪ್ಪನ ಧ್ಯಾನ ಕೆಡಿಸಲಿಲ್ಲ.

ಇಂಪನಾ ಹೆತ್ತಳು, ಹೆಣ್ಣು ಮಗು. ನಾಮಕರಣದ ಹಿಂದಿನ ದಿನ ಮತ್ತೆ ಹೋಗಿ ನೋಡಿದೆ. ಬಿಳಿ ನೆಲವೆಲ್ಲ ಸಣ್ಣ ಸಣ್ಣ ಹೊಲಿಗೆಯಲ್ಲಿ ತಗ್ಗಿ, ನಡುವೆ ಹೊಂಬಾಳೆ ಈಗಷ್ಟೇ ಬಿರಿದ ಹಾಗೆ ಉಬ್ಬಿ ನಿಂತಿತ್ತು. ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು, ಹುಡುಕಿದೆ. ಮೂರು ಮೂಲೆಯಲ್ಲಿ ಸಿಗಲಿಲ್ಲ. ನಾಲ್ಕನೆಯದರಲ್ಲಿ ಅವನು ಮೊದಲ ದಿನ ಜಗ್ಗಿದ ಕಿವಿ ಹಾಗೇ ಇತ್ತು.

"ಅದೊಂದು ಬಿಚ್ಚಿ ಹಾಕ್ಬುಡ್ತೀನಿ ಕಣೇ, ಅಸಹ್ಯವಾಗಿ ಕಾಣ್ತದೆ" ಎಂದು ನಂಜುಂಡಪ್ಪ ಗೋಗರೆಯುತ್ತಿದ್ದ.

"ಇರ್ಲಿ ಬುಡ್ರಿ ಅದೊಂದು" ಅಂದರು ಸುವರ್ಣಮ್ಮನವರು. ಹೊತ್ತಾಗಿದೆ ಎಂದು ಹಾಗೆ ಅಂದರೆಂದು ನಾವಿಬ್ಬರೂ ತಿಳಿದೆವು. ಇಬ್ಬರು ವ್ಯಾಪಾರಿಗಳ ಬುದ್ಧಿ ಸೇರಿದರೂ ಅಷ್ಟೇ.

ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಕೌದಿ ಹಾಸಿದರು. ಹೆಂಗಸರೆಲ್ಲ ಮುಗಿಬಿದ್ದರು. ಬೀಗಿತ್ತಿ ಕೈಯಾಡಿಸಿ, "ಕೈ ಹಿಂಗಾದ್ರೂ ಎಷ್ಟು ಚೆನ್ನಾಗಿ ಹಾಕಿದೀರ!" ಅಂದರು. ಲೆಕ್ಕದ ಪ್ರಕಾರವೇ ನಡೆಯಿತು: ಕೌದಿ ಸುವರ್ಣಮ್ಮನವರದೇ ಆಯಿತು. ಅವರು ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಬೀಗಿತ್ತಿಯ ಬೆರಳು ಆ ಮೂಲೆಗೆ ಬಂತು.

"ಅಯ್ಯೋ, ಇದೇನಿದು, ಕೌದಿಗೆ ಕಿವಿ ಬಂದದೆ?"

"ಅದು ನಮ್ಮ ಯಜಮಾನ್ರ ರುಜು" ಅಂದರು ಸುವರ್ಣಮ್ಮನವರು, ನಡುಮನೆಗೆಲ್ಲ ಕೇಳುವಂತೆ. "ಹೊಂಬಾಳೆ ನಂದು, ನೆಲ ಅವರ್ದು. ಯಾರೂ ನಂಬಲ್ಲ ಅಂತ್ಲೇ ಆ ಕಿವಿ ಇಟ್ಕೊಂಡಿವ್ನಿ. ಮೂಟೆ ಹೊಲಿಯೋರ ಕೈ ಅಲ್ದೆ ಇನ್ಯಾರ ಕೈಯಿಂದ ಬತ್ತದೆ ಅದು?"

ಹೆಂಗಸರು ನಕ್ಕರು. ಬೀಗಿತ್ತಿ ಕಿವಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿದರು, ನಗಲಿಲ್ಲ. ನಂಜುಂಡಪ್ಪ ಏನಾದರೂ ಗಡಗಡ ಅಂದಾನೆಂದು ನಾನು ಕಾದೆ. ಭುಜ ಹಿಡಿದು ಅಲ್ಲಾಡಿಸಿದೆ, ಸದ್ದೇ ಇಲ್ಲ. ಸದ್ದು ಬಾರದ ಕಾಯಿ ಒಳಗೆ ಇನ್ನೂ ಹಸಿ ಎನ್ನುತ್ತದೆ ನಮ್ಮ ಕಸುಬು. ಅವನ ಕಣ್ಣು ನೋಡಿದೆ, ಕಸುಬು ಸುಳ್ಳು ಹೇಳಿರಲಿಲ್ಲ.

ನನ್ನವಳು ಆ ಪಂಚೆ ಇರುವ ಪೆಟ್ಟಿಗೆಯ ಬೀಗದ ಕೈ ಇನ್ನೂ ಕೊಟ್ಟಿಲ್ಲ. ಆದರೂ ಬಾಕಿ ಬಾಕಿಯೇ. ನಂಜುಂಡಪ್ಪನಿಗೆ ನಾನು ನನ್ನ ಮದುವೆಯ ಪಂಚೆ ಕೊಡಬೇಕು.