ಸುಬೇದಾರರ ಸುಳ್ಳು ಕೋವಿ

ಅವರು ಏನನ್ನೇ ನೋಡಲಿ, ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ನೋಡುತ್ತಿದ್ದರು. ಹಾಲಿನ ಬಾಟ್ಲಿ, ಬಂಗುಡೆ ಮೀನು, ಬಿಲ್ಡಿಂಗಿಗೆ ಹೊಸದಾಗಿ ಬಂದ ವಾಚ್‌ಮನ್, ನನ್ನ ಗಂಡ, ಎಲ್ಲರಿಗೂ ಅದೇ ನೋಟ. ಸೈನ್ಯದಲ್ಲಿ ಗುರಿ ಹಿಡಿದು ಹಿಡಿದು ರೆಪ್ಪೆ ಹಾಗೇ ನಿಂತುಬಿಟ್ಟಿದೆ ಎಂದು ಅವರೇ ಹೇಳುತ್ತಿದ್ದರು. ಗುರಿಯೂ ಇಲ್ಲ, ಮಣ್ಣೂ ಇಲ್ಲ, ಅದು ಹುಟ್ಟಾ ಸಂಶಯದ ಕಣ್ಣು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಒಮಾನಿನ ಅಲ್ ಗುಬ್ರಾದಲ್ಲಿ ನಮ್ಮ ಫ್ಲ್ಯಾಟು ಮೇಲಿನ ಮಹಡಿಯಲ್ಲಿ, ಅವರದು ಕೆಳಗೆ, ಒಂದು ಕೋಣೆ ಮತ್ತು ಅಡುಗೆಮನೆ. ಸುಳ್ಯದ ಕಡೆಯವರು. ಸೈನ್ಯದಿಂದ ನಿವೃತ್ತರಾದ ಮೇಲೆ ಇಲ್ಲಿಯ ಒಂದು ಕಂಪನಿಗೆ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ಬಂದು ಇಲ್ಲೇ ಉಳಿದಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಮಂಗಳೂರಿನಲ್ಲಿ ಸಂಸಾರಸ್ಥೆ. ಬಿಲ್ಡಿಂಗಿನ ಮಲಯಾಳಿಗಳಿಗೂ ಪಾಕಿಸ್ತಾನಿ ಡ್ರೈವರನಿಗೂ ಅವರು ಸುಬೇದಾರ್ ಸಾಬ್. ನಾವು ಸುಬೇದಾರರೇ ಎನ್ನುತ್ತಿದ್ದೆವು. ನಮ್ಮ ಮಾತೆಲ್ಲ ತುಳುವಿನಲ್ಲೇ.

ಪತ್ರೊಡೆ ಮಾಡಿದಾಗ ನಾನು ಒಂದು ತಟ್ಟೆ ಕೆಳಗೆ ಕೊಟ್ಟುಬರುವುದು ರೂಢಿ. ಬಾಗಿಲು ತೆರೆಯುವ ಮೊದಲು ಒಳಗಿನಿಂದ ಯಾರು ಎಂದು ಕೇಳಬೇಕು, ನಾನು ಹೇಳಬೇಕು, ಆಮೇಲೂ ಕಿಂಡಿಯಲ್ಲಿ ಕಣ್ಣಿಟ್ಟು ನೋಡಬೇಕು. ತಟ್ಟೆ ಕೈಗೆ ಬಂದ ಮೇಲೆ ಇನ್ನೊಂದು ವಿಚಾರಣೆ. ಕೆಸುವಿನ ಎಲೆ ಎಲ್ಲಿಯದು? ಸಲಾಲಾದಿಂದ ಬಂದದ್ದು ಎಂದರೆ, ತಂದವರು ಯಾರು? ಗಂಟಲು ತುರಿಸುವುದಿಲ್ಲ ಎಂದು ಗ್ಯಾರಂಟಿ ಉಂಟಾ? ಇಷ್ಟೆಲ್ಲ ಕೇಳಿ ಒಂದು ಚೂರೂ ಬಿಡದೆ ತಿಂದು, ತಟ್ಟೆ ತೊಳೆದು ಮೇಲೆ ತಂದುಕೊಡುವ ಮನುಷ್ಯ. "ನೋಡದೆ ಹೇಳಬಾರದು, ಮುಟ್ಟದೆ ನಂಬಬಾರದು" ಎನ್ನುವುದು ಅವರ ಮಂತ್ರ. ನನ್ನ ಗಂಡನಿಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿದ್ದಾಗ ಇದೇ ಮನುಷ್ಯ ಮಂಚದ ಪಕ್ಕ ಕೂತು, ಏರಿಸುವ ಪ್ರತಿಯೊಂದು ಗ್ಲೂಕೋಸ್ ಬಾಟ್ಲಿಯ ತಾರೀಕನ್ನು ಓದಿ ನೋಡಿದ ಮೇಲೆಯೇ ನರ್ಸಿಗೆ ಹೂಂ ಎನ್ನುತ್ತಿದ್ದರು. ನರ್ಸಿಗೆ ಸಿಟ್ಟು, ನನಗೆ ಮಾತ್ರ ಸಮಾಧಾನ.

ಇಂಥವರ ಮೇಲೆಯೇ ನನಗೆ ಸಂಶಯ ಹುಟ್ಟುವ ಕಾಲ ಬಂತು.

ಶುರುವಾದದ್ದು ಟಪ್ಪಾಲಿನಿಂದ. ಒಮಾನಿನಲ್ಲಿ ಮನೆಬಾಗಿಲಿಗೆ ಪೋಸ್ಟ್‌ಮನ್ ಬರುವ ರೂಢಿ ಇಲ್ಲ. ಕಂಪನಿಗೊಂದು ಪೋಸ್ಟ್ ಬಾಕ್ಸ್ ಇರುತ್ತದೆ, ಬಂದದ್ದೆಲ್ಲ ಅಲ್ಲಿಗೇ. ನಾನು ಲೆಕ್ಕಪತ್ರ ನೋಡುವ ಆಫೀಸಿನ ಬಾಕ್ಸು ಹೆಸರಿಗೆ ಕಂಪನಿಯದು, ನಿಜಕ್ಕೆ ನಮ್ಮ ಬಿಲ್ಡಿಂಗಿನದು. ಯಾರದೋ ಮದುವೆ ಕಾಗದ, ಯಾರದೋ ಆಯುರ್ವೇದದ ಎಣ್ಣೆ, ಎಲ್ಲ ನನ್ನ ಹೆಸರು ಬರೆಸಿಕೊಂಡು ಬರುತ್ತಿದ್ದವು. ಸುಬೇದಾರರು ಒಂದು ಸಣ್ಣ ಪಾರ್ಸೆಲ್ ಬರಲಿಕ್ಕುಂಟು, ಹೆಸರು ಕೊಡಲೇ ಎಂದಾಗ ಏನು ಎತ್ತ ಎಂದು ಕೇಳದೆ ಹೂಂ ಅಂದೆ. ಆದರೆ ಆಮೇಲೆ ಅವರ ಪ್ರಶ್ನೆಗಳು ಸುರುವಾದವು. ಪಾರ್ಸೆಲನ್ನು ಮೆಷಿನ್ನಿಗೆ ಹಾಕಿ ನೋಡುತ್ತಾರಾ? ಬಾಕ್ಸಿನ ಕೀಲಿ ಯಾರ ಹತ್ತಿರ? ಎಣ್ಣೆ ತರಿಸುವವರು ಯಾರೂ ಇಂಥದ್ದು ಕೇಳಿದವರಲ್ಲ.

ಒಂದು ಶುಕ್ರವಾರ ಇಬ್ರಿ ಎಂಬ ಊರಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಅವರು ಕಾರು ಓಡಿಸುತ್ತಿರಲಿಲ್ಲ. ನಾನೂ ಗಂಡನೂ ಬುತ್ತಿ ಕಟ್ಟಿಕೊಂಡು ಪಿಕ್‌ನಿಕ್ಕಿನ ಹಾಗೆ ಹೊರಟೆವು. ಅಲ್ಲಿಯ ಪೇಟೆಯೊಳಗೆ ಒಂದು ಇಕ್ಕಟ್ಟಿನ ಅಂಗಡಿ. ಮದುವೆಗಳಲ್ಲಿ ಗಂಡಸರು ಹಳೇ ಕೋವಿ ಎತ್ತಿ ಹಿಡಿದು ಕುಣಿಯುವುದುಂಟಲ್ಲ, ಅಂಥವಕ್ಕೆ ಬೆಳ್ಳಿಯ ಕಟ್ಟು, ಚರ್ಮದ ಪಟ್ಟಿ ಹಾಕಿಕೊಡುವ ಅಂಗಡಿ. ಸುಬೇದಾರರು ಮುದುಕ ಅಂಗಡಿಯವನ ಎದುರು ಕೂತು ಹಿಂದಿಯಲ್ಲಿ ಕೇಳಿದರು: ಮಿಲಿಟರಿ ರೈಫಲ್ಲಿನ ಹಾಗೆ ಕಾಣುವ, ಬರೀ ನೋಟಕ್ಕೆ ಮಾಡಿದ ಭಾಗಗಳು ಸಿಗುತ್ತವಾ? ಮುಂಭಾಗದ ಹಿಡಿ, ಗುರಿಯ ಕಣ್ಣು, ಗುಂಡಿನ ಪೆಟ್ಟಿಗೆಯ ಆಕಾರ ಇದ್ದರೆ ಸಾಕು, ಒಳಗೆ ಏನೂ ಬೇಡ.

ನನ್ನ ಕೈಯಲ್ಲಿದ್ದ ಅರಬ್ಬಿ ಕಾಫಿಯ ಲೋಟ ಅಲ್ಲೇ ನಿಂತಿತು. ಗಂಡ ನನ್ನ ಮುಖ ನೋಡಿದರು, ನಾನು ಬಾಗಿಲು ನೋಡಿದೆ.

ಮುದುಕ ಎಲ್ಲಿಂದಲೋ ಮಕ್ಕಳಾಟದ ಒಂದು ಪ್ಲಾಸ್ಟಿಕ್ಕಿನ ದುರ್ಬೀನು ತಂದಿಟ್ಟ. ಸುಬೇದಾರರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಇದು ಖಂಡಿತ ಡುಪ್ಲಿಕೇಟೇ ತಾನೆ, ಅಸಲಿ ಕೊಟ್ಟು ನನ್ನನ್ನು ಸಿಕ್ಕಿಸಬೇಡಿ ಎಂದರು. ಡುಪ್ಲಿಕೇಟಿನ ಮೇಲೂ ಸಂಶಯಪಡುವ ಗಿರಾಕಿಯನ್ನು ಆ ಮುದುಕ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಯಾಕೆ ಬೇಕು ಎಂದು ಕೇಳಿದ. ಶೋಕೇಸಿಗೆ ಎಂದರು ಇವರು. ಮುದುಕ ನಂಬಲಿಲ್ಲ. ನಾನೂ ನಂಬಲಿಲ್ಲ. ಅರಬ್ಬಿಯಲ್ಲಿ ಮಾಫಿ, ಏನೂ ಇಲ್ಲ, ಎಂದು ಕೈ ಝಾಡಿಸಿ, ನಮಗೆ ಖರ್ಜೂರ ತಿನ್ನಿಸಿ ಕಳಿಸುವಾಗ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಇಂಥದ್ದನ್ನು ಕೇಳುತ್ತ ತಿರುಗಬೇಡಿ ಎಂದು ಬುದ್ಧಿ ಹೇಳಿದ.

ವಾಪಸು ಬರುವ ದಾರಿಯಲ್ಲಿ ಬುತ್ತಿ ಬಿಚ್ಚಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತ ಆ ಮನುಷ್ಯನನ್ನು ಕನ್ನಡಿಯಲ್ಲಿ ನೋಡುತ್ತ ನನಗೆ ಏನೇನೋ ಯೋಚನೆ. ಮನೆಯಲ್ಲಿ ಒಂಟಿ, ಬಾಗಿಲು ಯಾವಾಗಲೂ ಮುಚ್ಚಿರುತ್ತದೆ, ಒಳಗಿನಿಂದ ಉಪ್ಪುಕಾಗದ ತಿಕ್ಕುವ ಶಬ್ದ ಕೇಳಿದ್ದುಂಟು. ಬರಲಿರುವ ಪಾರ್ಸೆಲ್ಲಿನ ಮೇಲೆ ನನ್ನ ಹೆಸರು ಬೇರೆ.

ಬಿಲ್ಡಿಂಗ್ ತಲುಪಿದ ಕೂಡಲೇ, ಒಳಗೆ ಏನುಂಟು ತೋರಿಸಿ ಸುಬೇದಾರರೇ, ಎಂದು ಅವರ ಬಾಗಿಲಲ್ಲೇ ನಿಂತೆ. ಅವರು ಎಡಗಣ್ಣು ಮುಚ್ಚಿ ನನ್ನನ್ನು ಸ್ವಲ್ಪ ಹೊತ್ತು ಅಳೆದರು. ಆಮೇಲೆ ಒಳಗೆ ಕರೆದು ಮಂಚದ ಮೇಲಿನ ಹೊದಿಕೆ ತೆಗೆದರು. ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲಿ ಕೆತ್ತಿದ ರೈಫಲ್. ಕಪ್ಪು ಬಣ್ಣ ಹೊಡೆದು ನಯ ಮಾಡಿದ್ದರು, ಆದರೆ ಹಿಡಿ, ಗುರಿಯ ಕಣ್ಣು ಇರಬೇಕಾದಲ್ಲಿ ಬೋಳು. ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

ದಸರಾಕ್ಕೆ ಪಲ್ಟಣಿನಲ್ಲಿ ಆಯುಧಪೂಜೆ ದೊಡ್ಡದು, ಎಲ್ಲರ ಕೋವಿಗೂ ಹೂ ಕುಂಕುಮ ಇಟ್ಟು ಸಾಲಾಗಿ ನಿಲ್ಲಿಸುತ್ತಾರೆ, ಎಂದರು. ನಿವೃತ್ತಿಯ ದಿನ ಕೋವಿ ಒಪ್ಪಿಸಿ ಬರಬೇಕು. "ಇಷ್ಟು ವರ್ಷ ಅದನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೇನೆ ತಂಗಿ. ಹೆಂಡತಿಯ ಫೋಟೋಕ್ಕೆ ಹೂ ಹಾಕುತ್ತೇನೆ. ಅದಕ್ಕೆ ಹಾಕಲಿಕ್ಕೆ ಫೋಟೋವೂ ಇಲ್ಲ." ಹಾಗಾಗಿ ಅದೇ ಮಾದರಿಯ ಸುಳ್ಳು ಭಾಗಗಳನ್ನು ಹೊರದೇಶದಿಂದ ತರಿಸುತ್ತಿದ್ದರು, ನನ್ನ ಹೆಸರಿನ ಪಾರ್ಸೆಲ್ ಅದೇ.

ನನಗೆ ಅಯ್ಯೋ ಅನಿಸಿತು, ಮೈಯೆಲ್ಲ ಉರಿಯಿತು ಕೂಡ. ಪರದೇಶದಲ್ಲಿ ಕೋವಿಯ ಆಕಾರವೂ ಕೋವಿಯೇ, ನಿಮಗೆ ಇಷ್ಟು ತಿಳಿಯದಾ, ಪಾರ್ಸೆಲ್ ನಿಲ್ಲಿಸಿ ಎಂದು ಕೂಗಾಡಿದೆ. ಅದು ಆಗಲೇ ಹೊರಟಾಗಿತ್ತು. ಇನ್ನೊಂದು ಮಾತು: ಪೂಜೆಯ ಕಥೆಯನ್ನೂ ನಾನು ಪೂರ್ತಿ ನಂಬಿರಲಿಲ್ಲ.

ದಸರಾಕ್ಕೆ ಸ್ವಲ್ಪ ಮೊದಲು ಕಸ್ಟಮ್ಸಿನಿಂದ ಫೋನ್ ಬಂತು. ಪಾರ್ಸೆಲ್ ತಪಾಸಣೆಗೆ ಹೋಗಿದೆ, ಹೆಸರಿನವರು ಖುದ್ದಾಗಿ ಬರಬೇಕು. ವೀಸಾ ಕೊಟ್ಟ ಧಣಿ ಕಫೀಲ್‌ಗೆ ಗೊತ್ತಾದರೆ ಕೆಲಸ ಹೋಯಿತು, ಕೆಲಸ ಹೋದರೆ ವೀಸಾ. ಗಂಡನ ಕಂಪನಿ ಆಗಲೇ ಮುಚ್ಚುವ ಹಂತದಲ್ಲಿತ್ತು, ಮಗ ಇಂಡಿಯನ್ ಸ್ಕೂಲಿನಲ್ಲಿ ಬೋರ್ಡ್ ಪರೀಕ್ಷೆಯ ವರ್ಷದಲ್ಲಿದ್ದ. ಮೂವರೂ ನನ್ನ ಸಂಬಳದ ಮೇಲೆ ನಿಂತಿದ್ದೆವು.

ಸುಬೇದಾರರು ನಾನೂ ಬರುತ್ತೇನೆ ಎಂದು ಕಾರು ಹತ್ತಿದರು. ದಾರಿಯಲ್ಲಿ ಒಂದೇ ಪ್ರಶ್ನೆ, ಯಾರಿಗಾದರೂ ಹೇಳಿದ್ದೀರಾ ಎಂದು. ಕಸ್ಟಮ್ಸ್ ಆಫೀಸಿನ ಹತ್ತಿರ ಬಂದಾಗ, ಇಲ್ಲಿ ಸ್ವಲ್ಪ ನಿಲ್ಲಿಸಿ ಎಂದು ಇಳಿದು ಗಲ್ಲಿಯೊಳಗೆ ಹೋದವರು ಬರಲೇ ಇಲ್ಲ. ಫೋನ್ ಎತ್ತಲಿಲ್ಲ. ಮುಗಿಯಿತು, ಕೈಕೊಟ್ಟರು ಎಂದುಕೊಂಡೆ. ಪಾರ್ಸೆಲ್ಲಿನಲ್ಲಿ ಅವರ ಹೆಸರೇ ಇಲ್ಲ, ಇನ್ನು ನಾನುಂಟು ನನ್ನ ಹಣೆಬರಹವುಂಟು. ಸ್ಟಿಯರಿಂಗ್ ಹಿಡಿದುಕೊಂಡು ಅತ್ತೆ. ಒಳಗೆ ಹೋಗಿ ಮೊದಲು ಅವರ ಹೆಸರನ್ನೇ ಹೇಳುವುದು ಎಂದು ನಿಶ್ಚಯ ಮಾಡಿಕೊಂಡೆ.

ಆಗ ಬಂದರು. ಕ್ಷೌರ ಮಾಡಿಸಿಕೊಂಡು, ಕೆನ್ನೆ ಮಿರಮಿರ ಮಿಂಚುತ್ತ. ಅಧಿಕಾರಿಯ ಎದುರು ಗಡ್ಡ ಬಿಟ್ಟುಕೊಂಡು ನಿಲ್ಲಬಾರದು ಎಂದರು. ನನಗೆ ನಗಬೇಕೋ ಹೊಡೆಯಬೇಕೋ ಗೊತ್ತಾಗಲಿಲ್ಲ.

ಒಳಗೆ ಅಧಿಕಾರಿ ಸಣ್ಣ ಪ್ರಾಯದವರು, ಮರ್ಯಾದೆಯವರು. ಮೇಜಿನ ಮೇಲೆ ಭಾಗಗಳನ್ನೆಲ್ಲ ಹರಡಿ ನನ್ನ ಹೆಸರು ಓದಿದರು. ಇದು ನಿಮ್ಮದೇ ಎಂದು ಕೇಳುವ ಮೊದಲೇ ಸುಬೇದಾರರು ಅಟೆನ್ಷನ್ನಿನಲ್ಲಿ ನಿಂತರು.

"ನನ್ನದು ಸಾಬ್. ಇವರ ಹೆಸರನ್ನು ಕೇಳದೆ ಹಾಕಿದ್ದೇನೆ. ಇದರಲ್ಲಿ ಏನುಂಟೆಂದು ಇವರಿಗೆ ಇವತ್ತಿನವರೆಗೂ ಗೊತ್ತಿಲ್ಲ."

ಎರಡೂ ಸುಳ್ಳು. ಅಂಥ ಮನುಷ್ಯ ರೆಪ್ಪೆ ಮಿಟುಕಿಸದೆ ಹೇಳಿದರು. ಅಧಿಕಾರಿ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

ಭಾಗಗಳು ಅಲ್ಲೇ ಉಳಿದವು, ಮರದ ಕೋವಿಯನ್ನೂ ಸುಬೇದಾರರೇ ಒಯ್ದು ಒಪ್ಪಿಸಿ ಬಂದರು. ನನ್ನನ್ನು ಎರಡು ಪ್ರಶ್ನೆ ಕೇಳಿ ಬಿಟ್ಟರು. ಸುಬೇದಾರರ ಕಂಪನಿಗೆ ಸುದ್ದಿ ಹೋಯಿತು, ಈ ಪ್ರಾಯದಲ್ಲಿ ಇನ್ನು ವೀಸಾ ಮುಂದುವರಿಸುವುದಿಲ್ಲ ಎಂದರಂತೆ. ಯಾರನ್ನೂ ದೂರುವ ಹಾಗಿಲ್ಲ, ಕಾನೂನು ಕಾನೂನೇ. ಆ ವರ್ಷದ ಆಯುಧಪೂಜೆಗೆ ಅವರ ಹತ್ತಿರ ಪೂಜೆಗೆ ಏನೂ ಇರಲಿಲ್ಲ. ಕೆಳಗೆ ಪಾರ್ಕಿಂಗಿಗೆ ಬಂದು ನಮ್ಮ ಕಾರಿಗೇ ಕುಂಕುಮ ಇಟ್ಟು, ಚಕ್ರಗಳ ಗಾಳಿ ಕಡಿಮೆಯುಂಟು ಎಂದು ಗದರಿಸಿ ಹೋದರು.

ಅವರು ಊರು ಸೇರಿದ ಮೇಲೆ ಒಂದು ದಿನ ಫೋನಿನಲ್ಲಿ ಕೇಳಿಯೇಬಿಟ್ಟೆ. ಸುಬೇದಾರರೇ, ಅಷ್ಟು ಬೇಗ ಯಾಕೆ ಒಪ್ಪಿಕೊಂಡಿರಿ, ಅವರು ಇನ್ನೂ ಕೇಳಿರಲಿಲ್ಲವಲ್ಲ?

"ನನಗೆ ನಿಮ್ಮ ಮೇಲೆ ಸಂಶಯವಿತ್ತು ತಂಗಿ," ಎಂದರು. "ನೀವು ಹೆದರಿ ನನ್ನ ಹೆಸರು ಹೇಳಿಬಿಡುತ್ತೀರಿ, ಆಮೇಲೆ ಜೀವಮಾನವಿಡೀ ಅದಕ್ಕೆ ಕೊರಗುತ್ತೀರಿ ಎಂದು. ಅದಕ್ಕೇ ನಿಮಗಿಂತ ಮೊದಲು ನಾನೇ ಹೇಳಿದೆ."

ಚಕ್ರಗಳಿಗೆ ಗಾಳಿ ಹಾಕಿಸಿದ್ದೇನೆ ಎಂದಷ್ಟೇ ಹೇಳಿದೆ.

ಹೋದ ಆಟಿ ತಿಂಗಳಲ್ಲಿ ಅವರು ತೀರಿಕೊಂಡರೆಂದು ಮಗಳು ತಿಳಿಸಿದಳು. ರಜೆ ಸಿಗದೆ ನಾನು ಹೋಗಲಿಲ್ಲ. ನಾನು ಈಗಲೂ ಅದೇ ಆಫೀಸಿನಲ್ಲಿ, ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ಮಗ ಇಲ್ಲಿಯೇ ಸ್ಕೂಲು ಮುಗಿಸಿದ. ಮನೆಯ ಅನ್ನ ನಿಂತಿಲ್ಲ.